ತಲೆಯೋ, ಟೋಪಿಯೋ? – ಕುದುರೆ ಸವಾರರ ಹೆಲ್ಮೆಟ್ಟಿನ ಕಥೆ

ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್ ಗೊತ್ತಿಲ್ಲದವರು ನಮ್ಮ ಕಡೆ ಯಾರೂ ಇಲ್ಲ. ನಡುವೆ ಕತ್ತಿ ಹಿಡಿದು ಕುದುರೆ ಏರಿದ ಕಿತ್ತೂರು ರಾಣಿ, ಸುತ್ತಲೂ ಎಲ್ಲಾ ದಿಕ್ಕಿನಿಂದ ನುಗ್ಗಿ ಬರೋ ಬೈಕು, ಸ್ಕೂಟರು, ಆಟೋ, ಬಸ್ಸು. ಒಂದು ಕಾಲಕ್ಕೆ ಟಾಂಗಾಗಳು ಓಡಾಡುತ್ತಿದ್ದ ಈ ಊರಲ್ಲಿ ಈಗ ದಿನಾ ಕಣ್ಣಿಗೆ ಬೀಳೋ ಕುದುರೆ ಅಂದ್ರೆ ರಾಣಿಯ ಕುದುರೆ ಒಂದೇ. ಉಳಿದವರೆಲ್ಲಾ ಪೆಟ್ರೋಲು ಕುಡಿಯೋ ಕುದುರೆಯ ಸವಾರರು. ಅವರಲ್ಲಿ ಎಷ್ಟೋ ಜನರ ಹೆಲ್ಮೆಟ್ ತಲೆ ಮೇಲಿರೋದಿಲ್ಲ. ಟ್ಯಾಂಕಿನ ಮೇಲಿರುತ್ತೆ, ಕನ್ನಡಿಗೆ ನೇತಾಡ್ತಿರುತ್ತೆ, ಇಲ್ಲಾಂದ್ರೆ ಮೊಳಕೈಗೆ ಸಿಕ್ಕಿಸಿಕೊಂಡಿರ್ತಾರೆ. ದೂರದಲ್ಲಿ ಪೊಲೀಸಪ್ಪ ಕಂಡ ಕೂಡಲೇ ತಲೆಗೇರುತ್ತೆ.

ಕೇಳಿದ್ರೆ ಉತ್ತರಗಳು ರೆಡಿ. "ಕೂದಲಾ ಉದರ್ತಾವ್ರೀ." "ಈ ಬಿಸಲಾಗ ಯಾರ್ ಹಾಕ್ಕೋತಾರ್ರೀ." "ಇಲ್ಲೇ ಕೊಪ್ಪೀಕರ ರೋಡಿಗೆ ಹೋಗಿ ಬರೋದ್ರೀ, ಇಷ್ಟಕ್ಕ ಯಾಕ?"

ಇವೆಲ್ಲಾ ಬೈಕಿನ ಕಾಲದ ನೆಪಗಳು ಅಂತ ನಾನು ಅಂದುಕೊಂಡಿದ್ದೆ. ಆದರೆ ಕುದುರೆ ಸವಾರಿಯ ಇತಿಹಾಸ ಓದ್ತಾ ಹೋದ ಹಾಗೆ ಒಂದು ವಿಷಯ ಸ್ಪಷ್ಟ ಆಯ್ತು. ಇದೇ ವಾದ ಕುದುರೆ ಸವಾರರ ನಡುವೆ ನೂರು ವರ್ಷದಿಂದ ನಡೀತಾ ಇದೆ. ಅಲ್ಲಿ ನಿಜವಾದ ಜಗಳ ಬಿಸಿಲಿಂದೂ ಅಲ್ಲ, ಕೂದಲಿಂದೂ ಅಲ್ಲ. ಅದು ಮರ್ಯಾದೆಯ ಜಗಳ. ತಲೆ ಉಳಿಸೋ ಟೋಪಿ ಬೇಕೋ, ಮಾನ ಉಳಿಸೋ ಟೋಪಿ ಬೇಕೋ ಅನ್ನೋ ಜಗಳ.

ಮೊದಲು ಒಂದು ಸಣ್ಣ ಲೆಕ್ಕ (ಎಂಜಿನಿಯರಿಂಗ್ ಓದಿದ ಚಟ, ಬಿಡೋದಿಲ್ಲ!). ಕುದುರೆ ಮೇಲೆ ಕೂತವನ ತಲೆ ನೆಲದಿಂದ ಹೆಚ್ಚು ಕಮ್ಮಿ ಎಂಟು ಅಡಿ, ಅಂದ್ರೆ 2.4 ಮೀಟರ್ ಎತ್ತರದಲ್ಲಿರುತ್ತೆ. ಕುದುರೆ ಓಡೋದೇ ಬೇಡ, ನಿಂತ ಕುದುರೆಯಿಂದಲೇ ಉರುಳಿ ಬಿದ್ದರೂ ತಲೆ ನೆಲ ಮುಟ್ಟೋ ಹೊತ್ತಿಗೆ ವೇಗ ಗಂಟೆಗೆ ಸುಮಾರು 25 ಕಿಲೋಮೀಟರ್ ಆಗಿರುತ್ತೆ. ಗಟ್ಟಿ ನೆಲಕ್ಕೆ ಬಡಿದ ತಲೆ ಬರೀ 5 ಮಿಲಿಮೀಟರ್ ಅಂತರದಲ್ಲಿ ನಿಂತುಬಿಟ್ಟರೆ, ಆ ಕ್ಷಣ ಅದರ ಮೇಲೆ ಬೀಳೋ ಹೊಡೆತ ಗುರುತ್ವಾಕರ್ಷಣೆಯ ಸುಮಾರು 480 ಪಟ್ಟು. ಲೆಕ್ಕ ಸುಲಭ, ಬಿದ್ದ ಎತ್ತರವನ್ನ ನಿಂತ ಅಂತರದಿಂದ ಭಾಗಿಸಿದರೆ ಆಯ್ತು. ಅದೇ ತಲೆ 25 ಮಿಲಿಮೀಟರ್ ಥರ್ಮಾಕೋಲನ್ನ ಜಜ್ಜಿಕೊಂಡು ನಿಧಾನವಾಗಿ ನಿಂತರೆ? ಹೊಡೆತ 96 ಪಟ್ಟಿಗೆ ಇಳಿಯುತ್ತೆ. ಐದನೇ ಒಂದು ಭಾಗ! ಹೆಲ್ಮೆಟ್ಟಿನ ಗುಟ್ಟೆಲ್ಲಾ ಇಷ್ಟೇ. ಹೊರಗಿನ ಗಟ್ಟಿ ಚಿಪ್ಪು ಹೊಡೆತವನ್ನ ಹರಡುತ್ತೆ, ಒಳಗಿನ ಥರ್ಮಾಕೋಲ್ ತಾನು ಸತ್ತು ತಲೆಯನ್ನ ಉಳಿಸುತ್ತೆ. ಅದಕ್ಕೇ ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ ಹೊರಗಿನಿಂದ ಎಷ್ಟೇ ಚೆನ್ನಾಗಿ ಕಂಡರೂ ಮತ್ತೆ ಹಾಕಬಾರದು ಅನ್ನೋದು. ಒಳಗಿನ ಥರ್ಮಾಕೋಲ್ ಒಂದು ಸಲ ಮಾತ್ರ ಸಾಯೋಕೆ ಸಾಧ್ಯ.

ಇಷ್ಟು ಸರಳ ವಿಷಯ ಮನುಷ್ಯನಿಗೆ ಹೊಳೆಯೋಕೆ ಯಾಕಷ್ಟು ಕಾಲ ಬೇಕಾಯ್ತು?

ಹಳೇ ಕಾಲದಲ್ಲಿ ಶಿರಸ್ತ್ರಾಣ ಇರಲಿಲ್ಲ ಅಂತೇನಲ್ಲ. ಆದರೆ ಅದು ಕತ್ತಿ, ಬಾಣಗಳ ವಿರುದ್ಧ ಇದ್ದದ್ದು, ಬೀಳೋದರ ವಿರುದ್ಧ ಅಲ್ಲ. ಒಳಗೆ ಜಜ್ಜಿ ಹೋಗೋ ಮೆತ್ತೆ ಇಲ್ಲದ ಬರೀ ಲೋಹದ ಬೋಗುಣಿ ಬಿದ್ದ ಹೊಡೆತವನ್ನ ಹೆಚ್ಚು ಕಮ್ಮಿ ಹಾಗೇ ತಲೆಗೆ ದಾಟಿಸುತ್ತೆ. ನಮ್ಮ ಕಡೆಯ ಊರೂರಲ್ಲಿ ಇರೋ ವೀರಗಲ್ಲುಗಳನ್ನ ನೋಡಿ. ಕುದುರೆ ಏರಿ ಹೋರಾಡಿ ಸತ್ತವರ ಕಲ್ಲುಗಳು ಬೇಕಾದಷ್ಟಿವೆ. ಕುದುರೆಯಿಂದ ಜಾರಿ ಬಿದ್ದು ಸತ್ತವನಿಗೆ ಯಾರು ಕಲ್ಲು ನಿಲ್ಲಿಸ್ತಾರೆ ಹೇಳಿ? ಬೀಳೋದು ಅಂದ್ರೆ ನಾಚಿಕೆಯ ವಿಷಯ. ನಾಚಿಕೆಯ ವಿಷಯಕ್ಕೆ ಮೊದಲೇ ತಯಾರಿ ಮಾಡ್ಕೊಳ್ಳೋದು ಇನ್ನೂ ದೊಡ್ಡ ನಾಚಿಕೆ.

ಇನ್ನು ತಲೆ ಮೇಲೆ ಸುತ್ತೋ ರುಮಾಲು, ಪಟಗಾ. ದಪ್ಪಗೆ ಸುತ್ತಿದ ಬಟ್ಟೆ ಕತ್ತಿಯ ಏಟನ್ನ ಒಂದಿಷ್ಟು ತಡೀಬಹುದು. ಆದರೆ ಅದರ ಮುಖ್ಯ ಕೆಲಸ ಮರ್ಯಾದೆ. ನಮ್ಮಲ್ಲಿ ರುಮಾಲು ಬಿತ್ತು ಅಂದ್ರೆ ಮಾನ ಹೋಯ್ತು ಅಂತಲೇ ಅರ್ಥ. ಮೊದಲ ಮಹಾಯುದ್ಧದಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ ಪ್ಯಾಲೆಸ್ಟೈನಿನವರೆಗೆ ಹೋಗಿತ್ತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಪಡೆಯ ಜೊತೆ ಸೇರಿ ಹೈಫಾ ಪಟ್ಟಣವನ್ನ ಗೆದ್ದರು. ದಿಲ್ಲಿಯ ತೀನ್ ಮೂರ್ತಿ ಸ್ಮಾರಕದ ಮೂವರು ಸೈನಿಕರಲ್ಲಿ ಒಬ್ಬ ಮೈಸೂರಿನವನು. ಆ ಕಾಲದ ಫೋಟೋಗಳಲ್ಲಿ ಈ ಲ್ಯಾನ್ಸರುಗಳ ತಲೆ ಮೇಲಿರೋದು ರುಮಾಲು. ಮಷಿನ್ ಗನ್ನುಗಳ ಎದುರು ಈಟಿ ಹಿಡಿದು ನುಗ್ಗಿದವರಿಗೆ ಕುದುರೆಯಿಂದ ಬಿದ್ದರೆ ಏನು ಗತಿ ಅನ್ನೋ ಯೋಚನೆ ದೊಡ್ಡದಾಗಿ ಕಾಣೋದು ಹೇಗೆ?

ಯುದ್ಧ ಮುಗೀತು. ಆಮೇಲೆ ಈ ಪ್ರಶ್ನೆ ಎದ್ದದ್ದು ಇಂಗ್ಲೆಂಡಿನ ರೇಸ್ ಕೋರ್ಸಿನಲ್ಲಿ.

1923ರಲ್ಲಿ ಅಲ್ಲಿನ ಅತಿ ದೊಡ್ಡ ಬೇಲಿ ಜಿಗಿತದ ರೇಸ್ ಗ್ರಾಂಡ್ ನ್ಯಾಷನಲ್ ಗೆದ್ದ ಕುದುರೆ ಸಾರ್ಜೆಂಟ್ ಮರ್ಫಿ. ಸವಾರ ಕ್ಯಾಪ್ಟನ್ ಬೆನೆಟ್. ಹಣಕ್ಕಾಗಿ ಅಲ್ಲದೆ ಹವ್ಯಾಸಕ್ಕೆ ಓಡಿಸುತ್ತಿದ್ದ ಮಿಲಿಟರಿ ಮನುಷ್ಯ. ಅದೇ ವರ್ಷದ ಡಿಸೆಂಬರಿನಲ್ಲಿ ವುಲ್ವರ್‌ಹ್ಯಾಂಪ್ಟನ್ ಅನ್ನೋ ಊರಿನ ರೇಸಿನಲ್ಲಿ ಕುದುರೆಯಿಂದ ಬಿದ್ದ, ತಲೆಗೆ ಗೊರಸಿನ ಒದೆ ಬಿತ್ತು. ಎಚ್ಚರವಿಲ್ಲದೆ ಮಲಗಿದ್ದವನು 1924ರ ಜನವರಿಯಲ್ಲಿ ತೀರಿಕೊಂಡ. ಅವನಿಗಿಂತ ಮುಂಚೆ ಎಷ್ಟು ಜನ ಹಾಗೆ ಸತ್ತಿದ್ದರೋ. ಆದರೆ ಈ ಸಲ ಸತ್ತವನು ಇಡೀ ದೇಶಕ್ಕೆ ಗೊತ್ತಿದ್ದ ಚಾಂಪಿಯನ್. ಅದಾದ ಮೇಲೆ ಬೇಲಿ ಜಿಗಿಯೋ ರೇಸುಗಳಲ್ಲಿ ಜಾಕಿಗಳು ರೇಷ್ಮೆ ಟೋಪಿಯ ಕೆಳಗೆ ಗಟ್ಟಿಯಾದ ಸ್ಕಲ್ ಕ್ಯಾಪ್ ಹಾಕಲೇಬೇಕು ಅಂತ ನಿಯಮ ಬಂತು. ಗಮನಿಸಿ, "ಕೆಳಗೆ". ಹೊರಗೆ ಕಾಣೋದು ಅದೇ ಬಣ್ಣದ ರೇಷ್ಮೆ ಟೋಪಿ. ತಲೆಯೂ ಉಳೀತು, ಮರ್ಯಾದೆಯೂ ಉಳೀತು!

ಮುಂದಿನ ಘಟನೆ ಕುದುರೆಯಿಂದ ಮೋಟರ್ ಸೈಕಲ್ಲಿಗೆ ಹೊರಳುತ್ತೆ. ನಮ್ಮ ಮೈಸೂರಿನವರು ಕಾದಾಡಿದ ಅದೇ ಪ್ಯಾಲೆಸ್ಟೈನ್ ರಂಗದ ಆಸುಪಾಸಿನಲ್ಲಿ ಅರಬರ ಜೊತೆ ಸೇರಿ ತುರ್ಕರ ವಿರುದ್ಧ ಹೋರಾಡಿದವನು ಟಿ.ಇ. ಲಾರೆನ್ಸ್, ಅದೇ "ಲಾರೆನ್ಸ್ ಆಫ್ ಅರೇಬಿಯಾ". ಮರುಭೂಮಿಯಲ್ಲಿ ಒಂಟೆ ಓಡಿಸಿ ಬದುಕಿ ಬಂದವನು 1935ರ ಮೇ 13ರಂದು ಇಂಗ್ಲೆಂಡಿನ ತನ್ನ ಮನೆಯ ಹತ್ತಿರದ ರಸ್ತೆಯಲ್ಲಿ, ಸೈಕಲ್ ಮೇಲಿದ್ದ ಇಬ್ಬರು ಹುಡುಗರನ್ನ ತಪ್ಪಿಸೋಕೆ ಹೋಗಿ ಬೈಕಿನಿಂದ ಬಿದ್ದ. ತಲೆಗೆ ಪೆಟ್ಟು. ಆರು ದಿನದ ಮೇಲೆ ಸತ್ತ. "ಇಲ್ಲೇ ಹತ್ತಿರ ಹೋಗಿ ಬರೋದಲ್ವಾ" ಅನ್ನೋರು ಈ ಕಥೆ ನೆನಪಿಟ್ಟುಕೊಳ್ಳಬೇಕು.

ಅವನನ್ನ ನೋಡಿದ ವೈದ್ಯರಲ್ಲಿ ಹ್ಯೂ ಕೈರ್ನ್ಸ್ ಅನ್ನೋ ಮೆದುಳಿನ ಸರ್ಜನ್ ಒಬ್ಬರು. ಮುಂದೆ ಎರಡನೇ ಮಹಾಯುದ್ಧ ಶುರುವಾದಾಗ ಸೈನ್ಯದ ಪತ್ರ ಒಯ್ಯೋ ಬೈಕ್ ಸವಾರರು ಸಾಲು ಸಾಲಾಗಿ ತಲೆ ಒಡೆದುಕೊಂಡು ಅವರ ಹತ್ತಿರ ಬರತೊಡಗಿದರು. 1941ರಲ್ಲಿ ಕೈರ್ನ್ಸ್ ಒಂದು ಲೇಖನ ಬರೆದರು. ಯುದ್ಧದ ಮೊದಲ 21 ತಿಂಗಳಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ 2,279 ಮೋಟರ್ ಸೈಕಲ್ ಸವಾರರು ಮತ್ತು ಹಿಂದೆ ಕೂತವರು ಸತ್ತಿದ್ದರು. ಹೆಲ್ಮೆಟ್ ಹಾಕಿಯೂ ಬಿದ್ದ ಏಳೇ ಏಳು ಜನರನ್ನ ಕೈರ್ನ್ಸ್ ನೋಡಿದ್ದರು, ಆ ಏಳೂ ಜನ ಬದುಕಿದ್ದರು. ಅದೇ ವರ್ಷದ ನವೆಂಬರಿನಲ್ಲಿ ಬ್ರಿಟಿಷ್ ಸೈನ್ಯ ತನ್ನ ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಅಮೆರಿಕದಲ್ಲಿ ಲೊಂಬಾರ್ಡ್ ಮತ್ತು ರಾತ್ ಅನ್ನೋರು ಹೊಡೆತ ನುಂಗೋ ಒಳಪದರ ಇರೋ ಹೆಲ್ಮೆಟ್ಟಿಗೆ 1953ರಲ್ಲಿ ಪೇಟೆಂಟ್ ಪಡೆದರು. ಮೇಲೆ ಹೇಳಿದ "ಥರ್ಮಾಕೋಲ್ ಸಾಯೋ" ಲೆಕ್ಕ ಹೆಲ್ಮೆಟ್ಟಿಗೆ ಬಂದಿದ್ದು ಹೀಗೆ. ಜನಸಾಮಾನ್ಯರಿಗೆ ಕಾನೂನು ಬರೋದು ಇನ್ನೂ ತಡವಾಯ್ತು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 1961, ಬ್ರಿಟನ್ನಿನಲ್ಲಿ 1973. ಅಂದ್ರೆ ಕೈರ್ನ್ಸ್ ಬರೆದ ಮೂವತ್ತೆರಡು ವರ್ಷದ ಮೇಲೆ. ಗೊತ್ತಿರೋದಕ್ಕೂ ಮಾಡೋದಕ್ಕೂ ನಡುವೆ ಎಷ್ಟು ದೂರ ನೋಡಿ.

ಬೈಕಿನವರಿಗೆ ಹೀಗೆ ಕಾನೂನು ಬಂತು, ರೇಸಿನ ಜಾಕಿಗಳಿಗೂ ಬಂತು. ಆದರೆ ಕುದುರೆ ಸವಾರಿಯ "ದೊಡ್ಡ ಮನುಷ್ಯರ" ಆಟ ಒಂದಿದೆ, ಡ್ರೆಸಾಜ್ ಅಂತ. ಸಂಗೀತಕ್ಕೆ ತಕ್ಕ ಹಾಗೆ ಕುದುರೆಯನ್ನ ಹೆಜ್ಜೆ ಹಾಕಿಸೋದು. ಅಲ್ಲಿ ದೊಡ್ಡ ಸ್ಪರ್ಧೆಗಳಲ್ಲಿ ಕರಿ ಕೋಟು, ಉದ್ದನೆಯ ಟಾಪ್ ಹ್ಯಾಟು ಹಾಕೋದೇ ಶಿಷ್ಟಾಚಾರ. ಬೇಲಿ ಜಿಗಿಯೋದಿಲ್ಲ, ನಾಗಾಲೋಟ ಇಲ್ಲ, ಹೆಲ್ಮೆಟ್ ಯಾಕೆ ಅಂತ ವಾದ. 2010ರ ಮಾರ್ಚಿನಲ್ಲಿ ಅಮೆರಿಕದ ಕೋರ್ಟ್ನಿ ಕಿಂಗ್-ಡೈ ಅನ್ನೋ ಸವಾರಳು, 2008ರ ಒಲಿಂಪಿಕ್ಸಿನಲ್ಲಿ ಭಾಗವಹಿಸಿದ್ದವಳು, ತಾಲೀಮು ಮಾಡ್ತಿದ್ದಾಗ ಕುದುರೆ ಸುಮ್ಮನೆ ಎಡವಿತು. ಹೆಲ್ಮೆಟ್ ಇರಲಿಲ್ಲ. ತಲೆಬುರುಡೆ ಬಿರುಕು ಬಿಟ್ಟು ವಾರಗಟ್ಟಲೆ ಕೋಮಾದಲ್ಲಿದ್ದಳು. ಮತ್ತೆ ನಡೆಯೋದು, ಮಾತಾಡೋದು ಎಲ್ಲಾ ಹೊಸದಾಗಿ ಕಲೀಬೇಕಾಯ್ತು. ಆಮೇಲೆ ಹೆಲ್ಮೆಟ್ಟಿನ ಪರವಾಗಿ ಮಾತಾಡೋದನ್ನೇ ಕೆಲಸ ಮಾಡಿಕೊಂಡಳು. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಬ್ರಿಟನ್ನಿನ ಶಾರ್ಲೆಟ್ ಡುಜಾರ್ಡಿನ್ ಟಾಪ್ ಹ್ಯಾಟ್ ಬಿಟ್ಟು ಹೆಲ್ಮೆಟ್ ಹಾಕಿಕೊಂಡೇ ಬಂದು ಚಿನ್ನ ಗೆದ್ದಳು. ಇನ್ನು ಹೆಲ್ಮೆಟ್ ಹಾಕಿದ್ರೆ ಅಂದ ಕೆಡುತ್ತೆ ಅನ್ನೋ ಬಾಯಿಗಳಿಗೆ ಏನು ಉಳೀತು? ಕೊನೆಗೆ 2021ರಿಂದ ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟ ಡ್ರೆಸಾಜಿನಲ್ಲೂ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯ ಮಾಡಿತು. ಟಾಪ್ ಹ್ಯಾಟಿನ ಕಾಲ ಮುಗೀತು.

ಇದಕ್ಕೆ ಪೂರ್ತಿ ಬೇರೆ ತರಹದ್ದು ಅಮೆರಿಕದ ಬ್ಯಾರೆಲ್ ರೇಸಿಂಗ್. ಇದು ಟೆಕ್ಸಾಸಿನ ದನಗಾಹಿ ಸೀಮೆಯ, ಹೆಚ್ಚಾಗಿ ಹೆಂಗಸರದ್ದೇ ಆದ ಆಟ. ನಮ್ಮಲ್ಲಿ ನೀರು ತುಂಬಿಡೋಕೆ ಇಟ್ಟಿರ್ತೀವಲ್ಲ, ಅಂಥ ಮೂರು ದೊಡ್ಡ ಡ್ರಮ್ಮುಗಳನ್ನ ತ್ರಿಕೋನದಲ್ಲಿ ನಿಲ್ಲಿಸಿರ್ತಾರೆ. ಕುದುರೆ ನಾಗಾಲೋಟದಲ್ಲಿ ಬಂದು ಒಂದೊಂದು ಡ್ರಮ್ಮನ್ನೂ ಸುತ್ತು ಹಾಕಿ ಬಾಣದ ಹಾಗೆ ವಾಪಸ್ ಓಡಬೇಕು. ಡ್ರಮ್ ಬಿದ್ದರೆ 5 ಸೆಕೆಂಡ್ ದಂಡ. ಇಡೀ ಆಟ ಮುಗಿಯೋದು ಹದಿನೈದು ಸೆಕೆಂಡಿನ ಆಸುಪಾಸಿನಲ್ಲಿ. ತಿರುವಿನಲ್ಲಿ ಕುದುರೆ ಬೈಕ್ ರೇಸಿನವರ ಹಾಗೆ ಪೂರ್ತಿ ವಾಲಿರುತ್ತೆ. ಕಾಲು ಜಾರಿದರೆ ಕುದುರೆ, ಸವಾರಳು ಇಬ್ಬರೂ ನೆಲಕ್ಕೆ. 1948ರಲ್ಲಿ ಟೆಕ್ಸಾಸಿನ ಸ್ಯಾನ್ ಆಂಜೆಲೋದಲ್ಲಿ 38 ಹೆಂಗಸರು ಸೇರಿ ತಮ್ಮದೇ ಸಂಘ ಕಟ್ಟಿಕೊಂಡು ಈ ಆಟಕ್ಕೆ ಗೌರವ ತಂದರು. ಗಂಡಸರ ಅಖಾಡದಲ್ಲಿ ಜಾಗ ಗಿಟ್ಟಿಸಿಕೊಂಡವರಿಗೆ ತಲೆ ಮೇಲಿನ ಕೌಬಾಯ್ ಹ್ಯಾಟು ಬರೀ ಟೋಪಿ ಅಲ್ಲ, ಅದು ಅವರ ರುಮಾಲು! ಅದನ್ನ ತೆಗೆದಿಟ್ಟು ಹೆಲ್ಮೆಟ್ ಹಾಕು ಅಂದ್ರೆ ಹೇಗನ್ನಿಸಬೇಡ?

ಅಲ್ಲೂ ದಾರಿ ತೋರಿಸಿದ್ದು ಒಬ್ಬ ಚಾಂಪಿಯನ್. ಫ್ಯಾಲನ್ ಟೇಲರ್ 2009ರಲ್ಲಿ ಕುದುರೆಯಿಂದ ಬಿದ್ದು ಕುತ್ತಿಗೆ ಮೂಳೆ, ತಲೆಬುರುಡೆ ಎರಡೂ ಮುರಿದುಕೊಂಡವಳು. ವಾಪಸ್ ಬಂದಳು, ಅತಿ ದೊಡ್ಡ ರೋಡಿಯೋ ಅಖಾಡದಲ್ಲೇ ಹ್ಯಾಟು ಬಿಟ್ಟು ಹೆಲ್ಮೆಟ್ ಹಾಕಿಕೊಂಡಳು, 2014ರಲ್ಲಿ ವಿಶ್ವ ಚಾಂಪಿಯನ್ ಆದಳು. ದೊಡ್ಡವರಿಗೆ ಅಲ್ಲಿ ಇದು ಇನ್ನೂ ಅವರವರ ಇಷ್ಟಕ್ಕೆ ಬಿಟ್ಟ ವಿಷಯವೇ. ಆದರೆ ಅವಳನ್ನ ನೋಡಿದ ಚಿಕ್ಕ ಹುಡುಗಿಯರಿಗೆ "ಹೆಲ್ಮೆಟ್ ಹಾಕಿದವಳು ಪುಕ್ಕಲಿ" ಅನ್ನೋ ಮಾತು ಇನ್ನು ನಾಟೋದಿಲ್ಲ.

ಈಗ ಈ ಎಲ್ಲಾ ಕಥೆಗಳನ್ನ ಒಟ್ಟಿಗೆ ಇಟ್ಟು ನೋಡಿ. ಯಾರಿಗೂ ಗೊತ್ತಿಲ್ಲದ ಕಾರಣಕ್ಕೆ ತಲೆ ಒಡೆದಿಲ್ಲ. ಕುದುರೆಯಿಂದ ಬಿದ್ದರೆ ಪೆಟ್ಟಾಗುತ್ತೆ ಅಂತ ಯಾವ ಕಾಲದ ಸವಾರನಿಗೆ ಗೊತ್ತಿರಲಿಲ್ಲ? ಹಾಕಿಕೊಂಡ ಮೊದಲನೆಯವನು ಹೆದರುಪುಕ್ಕಲ ಅನ್ನಿಸಿಕೊಳ್ಳಬೇಕು, ತೊಂದರೆ ಇರೋದು ಅಲ್ಲಿ. ಆ ಗಂಟು ಬಿಚ್ಚಿದ್ದು ಎರಡೇ ರೀತಿಯಲ್ಲಿ. ಒಂದು, ಎಲ್ಲರೂ ಒಪ್ಪೋ ಧೈರ್ಯವಂತ ಅದನ್ನ ಹಾಕಿಕೊಂಡು ಗೆಲ್ಲಬೇಕು. ಇನ್ನೊಂದು, ನಿಯಮ ಎಲ್ಲರಿಗೂ ಒಂದೇ ಸಲ ಬರಬೇಕು. ಆಗ "ನನಗೆ ಹೆದರಿಕೆ ಇಲ್ಲಪ್ಪ, ಏನ್ ಮಾಡೋದು, ರೂಲ್ಸು" ಅಂತ ಹೇಳಿಕೊಂಡು ಮೀಸೆ ಮಣ್ಣಾಗದ ಹಾಗೆ ತಲೆ ಉಳಿಸಿಕೊಳ್ಳಬಹುದು.

ನಮ್ಮ ರಾಜ್ಯದಲ್ಲಿ ಈ ಎರಡೂ ಇವೆ. ಬೆಂಗಳೂರು, ಮೈಸೂರು ರೇಸುಗಳಲ್ಲಿ ಜಾಕಿಗಳಿಗೆ ಹೆಲ್ಮೆಟ್, ಎದೆಕವಚ ಕಡ್ಡಾಯ. ಬೆಂಗಳೂರಿನ ಹುಡುಗ ಫವಾದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಗೇಮ್ಸಿನಲ್ಲಿ ಎರಡು ಬೆಳ್ಳಿ ಗೆದ್ದರು. ಅದರಲ್ಲೊಂದು ವೈಯಕ್ತಿಕ ಪದಕ, 1982ರ ನಂತರ ಕುದುರೆ ಸವಾರಿಯಲ್ಲಿ ಭಾರತಕ್ಕೆ ಬಂದ ಮೊದಲ ವೈಯಕ್ತಿಕ ಪದಕ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ 23ನೇ ಸ್ಥಾನ. ಗಟ್ಟಿ ಬೇಲಿಗಳನ್ನ ಹಾರಿಸೋ ಆಟ ಅವರದ್ದು. ಗದ್ದದ ಪಟ್ಟಿ ಬಿಗಿದ ಹೆಲ್ಮೆಟ್, ಎದೆಗೆ ಕವಚ ಇಲ್ಲದೆ ಮೈದಾನಕ್ಕೇ ಬಿಡೋದಿಲ್ಲ. ಅವರನ್ನ ಪುಕ್ಕಲ ಅನ್ನೋ ಧೈರ್ಯ ಯಾರಿಗಿದೆ?

ಆದರೆ ನಮ್ಮ ಉತ್ತರ ಕರ್ನಾಟಕದ ಕುದುರೆ ಇರೋದು ರೇಸ್ ಕೋರ್ಸಿನಲ್ಲಿ ಅಲ್ಲ, ಜಾತ್ರೆಯಲ್ಲಿ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಜಾತ್ರೆ ಬಂತೆಂದರೆ ಕುದುರೆ ಗಾಡಿ ಶರ್ಯತ್ತು ಇದ್ದೇ ಇರುತ್ತೆ. ಹಗುರಾದ ಗಾಡಿ, ಕಿತ್ತುಕೊಂಡು ಓಡೋ ಕುದುರೆ, ಅದರ ಮೇಲೆ ತಲೆಗೆ ಟವೆಲ್ ಸುತ್ತಿದ ಹುಡುಗ. ನೆಲ ಮೈದಾನದ ಮರಳಲ್ಲ, ಡಾಂಬರು ರಸ್ತೆ. ಅಷ್ಟೇ ಆಗಿದ್ದರೆ ಒಂದು ಮಾತು. ಗಾಡಿಯ ಅಕ್ಕಪಕ್ಕ ಹತ್ತಾರು ಬೈಕುಗಳು, ಒಂದೊಂದರ ಮೇಲೆ ಇಬ್ಬರು ಮೂವರು, ಕೇಕೆ ಹಾಕುತ್ತಾ ಮೊಬೈಲಿನಲ್ಲಿ ಹಿಡಿಯುತ್ತಾ ಓಡಿಸ್ತಿರ್ತಾರೆ. ಇಂಥ ವಿಡಿಯೋಗಳು ಬೇಕಾದಷ್ಟು ಸಿಗುತ್ತವೆ. ಎಣಿಸಿ ನೋಡಿ, ಹೆಲ್ಮೆಟ್ ಹಾಕಿದ ತಲೆ ಎಷ್ಟು ಸಿಗುತ್ತೆ ಅಂತ.

ಕಾನೂನು ಏನು ಹೇಳುತ್ತೆ? 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಪ್ರಕಾರ ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ. ರುಮಾಲಿನ ಮಾನ ಧರ್ಮಕ್ಕೇ ಸೇರಿದ ಸಿಖ್ಖರಿಗೆ ವಿನಾಯಿತಿ ಇದೆ. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂದೆ ಕೂತವರಿಗೂ ಕಡ್ಡಾಯ ಆಯ್ತು. 2021ರ ಜೂನಿನಿಂದ ಐಎಸ್ಐ ಗುರುತಿಲ್ಲದ ಹೆಲ್ಮೆಟ್ ಮಾರೋ ಹಾಗೇ ಇಲ್ಲ. ಆದರೆ ಈ ಕಲಂ ಮೋಟಾರು ಬೈಕಿಗೆ ಮಾತ್ರ. ಗಾಡಿ ಪಕ್ಕದ ಬೈಕಿನವನಿಗೆ ಅನ್ವಯಿಸುತ್ತೆ, ಗಾಡಿ ಓಡಿಸೋ ಹುಡುಗನಿಗೆ ಇಲ್ಲ! ಬ್ರಿಟನ್ನಿನಲ್ಲಿ 1990ರಲ್ಲೇ ಒಂದು ಪುಟ್ಟ ಕಾಯ್ದೆ ಮಾಡಿದ್ದಾರೆ. 14 ವರ್ಷದೊಳಗಿನ ಮಕ್ಕಳು ರಸ್ತೆಯಲ್ಲಿ ಕುದುರೆ ಏರಬೇಕಾದರೆ ಹೆಲ್ಮೆಟ್ ಇರಲೇಬೇಕು. ದೊಡ್ಡವರ ಮರ್ಯಾದೆಯ ಜಗಳ ಏನೇ ಇರಲಿ, ಮಕ್ಕಳ ತಲೆ ಅದರಲ್ಲಿ ಸಿಗಬಾರದು ಅಂತ.

ಹೆಲ್ಮೆಟ್ ಮಂತ್ರದ ತಾಯತ ಅಲ್ಲ, ಅದನ್ನೂ ಹೇಳಿಬಿಡಬೇಕು. ಕುತ್ತಿಗೆ, ಬೆನ್ನುಮೂಳೆಯನ್ನ ಅದು ಕಾಯೋದಿಲ್ಲ. ತಲೆ ಗಿರ್ರನೆ ತಿರುಗಿ ಆಗೋ ಪೆಟ್ಟನ್ನ ಪೂರ್ತಿ ತಡೆಯೋದೂ ಇಲ್ಲ. ಗದ್ದದ ಪಟ್ಟಿ ಹಾಕದಿದ್ದರೆ ತಲೆಗಿಂತ ಮೊದಲು ಅದೇ ಹಾರಿ ಹೋಗುತ್ತೆ. ಕುದುರೆ ಸವಾರಿಗೆ ಅಂತಲೇ ಬೇರೆ ಹೆಲ್ಮೆಟ್ಟುಗಳಿವೆ, ಹಗುರ, ಗಾಳಿಯಾಡುತ್ತವೆ, ಗೊರಸಿನ ಒದೆಯನ್ನೂ ಲೆಕ್ಕಕ್ಕೆ ತಗೊಂಡಿರುತ್ತವೆ. ಅದು ನಮ್ಮ ಹಳ್ಳಿಯ ಹುಡುಗನಿಗೆ ಸಿಗದೇ ಹೋಗಬಹುದು. ಹಾಗಂತ ಟವೆಲ್ಲಿಗಿಂತ ಒಂದು ಒಳ್ಳೆಯ ಬೈಕ್ ಹೆಲ್ಮೆಟ್ ಎಷ್ಟೋ ಪಾಲು ಮೇಲು.

ಮೇಲಿನ ಇತಿಹಾಸ ನಿಜವಾದರೆ ಈ ಹುಡುಗರಿಗೆ ಬುದ್ಧಿ ಹೇಳಿ ಪ್ರಯೋಜನ ಇಲ್ಲ, ಹೇಳಿದಷ್ಟೂ ಅವರ ಮೀಸೆ ಮೇಲೇರುತ್ತೆ. ಮಾಡಬೇಕಾದ್ದು ಜಾತ್ರಾ ಕಮಿಟಿಯ ಹಿರಿಯರು. ಶರ್ಯತ್ತಿನ ಹ್ಯಾಂಡ್‌ಬಿಲ್ಲಿನಲ್ಲಿ ಬಹುಮಾನದ ಮೊತ್ತದ ಕೆಳಗೆ ಒಂದು ಸಾಲು ಸೇರಿಸಲಿ, "ಹೆಲ್ಮೆಟ್ ಇಲ್ಲದವರ ಗಾಡಿ ಬಿಡುವುದಿಲ್ಲ" ಅಂತ. ಹಿಂದೆ ಮುಂದೆ ಓಡೋ ಬೈಕುಗಳನ್ನ ಬಂದ್ ಮಾಡಿಸಲಿ. ಹೋದ ವರ್ಷ ಗೆದ್ದವನನ್ನ ಕರೆದು, ಶಾಲು ಹೊದಿಸೋ ಬದಲು ಊರ ಹಿರಿಯರ ಕೈಯಿಂದ ಅವನ ತಲೆಗೆ ಹೆಲ್ಮೆಟ್ ತೊಡಿಸಲಿ, ಪಟಗಾ ಸುತ್ತಿದಷ್ಟೇ ಗೌರವದಿಂದ. ಅವನು ಹಾಕಿಕೊಂಡ್ರೆ ಉಳಿದವರೂ ಹಾಕ್ಕೋತಾರೆ.

ನಿಮ್ಮೂರಿನ ಕಮಿಟಿಯಲ್ಲಿ ನಿಮ್ಮ ಕಾಕಾನೋ ಮಾವನೋ ಇದ್ದರೆ ಒಂದು ಮಾತು ಹಾಕಿ ನೋಡಿ. ಹ್ಯಾಂಡ್‌ಬಿಲ್ ಪ್ರಿಂಟಿಗೆ ಹೋಗೋ ಮುಂಚೆ ಹೇಳಿದರೆ ಒಳ್ಳೇದು.